ಹ್ಯಾಂಗ್ ಆಗುವ ಹಳೆ ಕಂಪ್ಯೂಟರ್: ಫಾರ್ಮ್ಯಾಟ್, ರ್ಯಾಮ್, ಹೊಸ ಮಷೀನ್, ಇಲ್ಲಾ ಎಸ್‌ಎಸ್‌ಡಿ?

ನನ್ನ ಓಟು ಎಸ್‌ಎಸ್‌ಡಿಗೆ, ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗವಿಲ್ಲದ ಡಿಸ್ಕಿಗೆ. ಫಾರ್ಮ್ಯಾಟ್ ಮಾಡಿಸಿ, ರ್ಯಾಮ್ ಹಾಕಿಸಿ, ಹೊಸ ಮಷೀನಿನ ರೇಟು ಕೇಳಿ, ಇಷ್ಟೆಲ್ಲ ಆದ ಮೇಲೆ ಹೇಳುತ್ತಿರುವ ಮಾತು ಇದು. ಹಳೆಯ ಹಾರ್ಡ್ ಡಿಸ್ಕ್ ಇರುವ ಮಷೀನ್ ಹ್ಯಾಂಗ್ ಆಗುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಆ ಡಿಸ್ಕನ್ನೇ.

ನಮ್ಮದು ಧಾರವಾಡದಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, ಫೋರ್ತ್ ಜನರೇಶನ್ ಐ3, ವಿಂಡೋಸ್ 10. ನಮ್ಮ ಮನೆಯವರು ಟ್ಯೂಷನ್ ಹೇಳುತ್ತಾರೆ. ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲ 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲೇ ಟೈಪ್ ಆಗಬೇಕು. ಹ್ಯಾಂಗ್ ಆದಾಗ ಮೌಸಿನ ಬಾಣ ಓಡಾಡುತ್ತಿತ್ತು, ಆದರೆ ಎಲ್ಲಿ ಒತ್ತಿದರೂ ಏನೂ ಆಗುತ್ತಿರಲಿಲ್ಲ, ಕ್ಯಾಬಿನೆಟ್ಟಿನ ಡಿಸ್ಕ್ ಲೈಟು ಮಾತ್ರ ಹತ್ತಿಕೊಂಡೇ ಇರುತ್ತಿತ್ತು, ಸ್ವಲ್ಪ ಹೊತ್ತಾದ ಮೇಲೆ ಅಷ್ಟೂ ಕ್ಲಿಕ್ಕು ಒಟ್ಟಿಗೆ ಕೆಲಸ ಮಾಡಿ ನಾಲ್ಕಾರು ವಿಂಡೋ ಒಮ್ಮೆಲೇ ತೆರೆದುಕೊಳ್ಳುತ್ತಿದ್ದವು. ನಿಮ್ಮದೂ ಹೀಗೇ ಇದ್ದರೆ ಮುಂದೆ ಓದಿ. ಹೀಗಲ್ಲದೆ ಕಂಪ್ಯೂಟರ್ ಬಿಸಿಯಾಗಿ ತಾನೇ ಆಫ್ ಆಗುತ್ತಿದ್ದರೆ ಅದು ಬೇರೆ ಕಥೆ. ಮೊದಲು ಫ್ಯಾನಿನ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಹಾಕಿಸಿ.

ಫಾರ್ಮ್ಯಾಟ್: ಅಂಗಡಿಯವರು ಮೊದಲು ಹೇಳುವುದೇ ಇದು. "ವೈರಸ್ ಆಗಿರ್ತೈತ್ರಿ ಸರ್, ಒಮ್ಮೆ ಫಾರ್ಮ್ಯಾಟ್ ಹೊಡದ್ರ ಹೊಸದರಂಗ ಓಡ್ತೈತಿ." 500 ರೂಪಾಯಿ ಕೊಟ್ಟೆವು. ಕೆಲವು ದಿನ ಓಡಿತು, ಮತ್ತೆ ಅದೇ ಹಾಡು. ಅಂಗಡಿಯಲ್ಲಿ ಮಾಡುವ ಕ್ವಿಕ್ ಫಾರ್ಮ್ಯಾಟ್ ಫೈಲುಗಳ ಪಟ್ಟಿಯನ್ನಷ್ಟೇ ಹೊಸದು ಮಾಡುತ್ತದೆ. ಡಿಸ್ಕಿನ ಒಳಗೆ ಯಾವ ಜಾಗ ಕೆಟ್ಟಿದೆ ಅಂತ ನೋಡುವುದೇ ಇಲ್ಲ. ಕೆಟ್ಟ ಜಾಗ ಅಲ್ಲೇ ಇರುತ್ತದೆ, ಹೊಸ ವಿಂಡೋಸ್ ಒಂದಲ್ಲ ಒಂದು ದಿನ ಅದನ್ನು ಮುಟ್ಟುತ್ತದೆ. ಮೇಲಿಂದ ಪ್ರಿಂಟರ್ ಡ್ರೈವರ್, ನುಡಿ ಎಲ್ಲ ಮತ್ತೆ ಹಾಕಿಕೊಳ್ಳುವ ಕೆಲಸ ಬೇರೆ. ಡಿಸ್ಕ್ ಚೆಕ್ ಮಾಡದೆ ಫಾರ್ಮ್ಯಾಟ್ ಮಾಡಿಸಬೇಡಿ, ದುಡ್ಡು ಸುಮ್ನೆ ಹೋಗುತ್ತದೆ.

ರ್ಯಾಮ್: 4 ಜಿಬಿ ಇದ್ದದ್ದು 8 ಆಯಿತು. ಕ್ರೋಮ್‌ನಲ್ಲಿ ಟ್ಯಾಬ್ ಜಾಸ್ತಿ ತೆರೆದರೆ ತಡೆದುಕೊಳ್ಳುತ್ತದೆ, ಅದು ನಿಜವಾದ ಲಾಭ. ಹ್ಯಾಂಗ್ ಮಾತ್ರ ನಿಲ್ಲಲಿಲ್ಲ.

ಇಷ್ಟಾದ ಮೇಲೆ ಪಕ್ಕದ ಮನೆಯ ಹುಡುಗ ಬಂದು ಕುಳಿತು ಒಂದೊಂದಾಗಿ ತೋರಿಸಿದ. ಇದನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಹ್ಯಾಂಗ್ ಆಗುವ ಹೊತ್ತಿಗೆ ಮೆಮೊರಿ (ಅಂದರೆ ರ್ಯಾಮ್) ಶೇಕಡಾ 90 ದಾಟಿ ತುಂಬಿಕೊಂಡಿದ್ದರೆ ರ್ಯಾಮ್ ಸಾಲುತ್ತಿಲ್ಲ. ಡಿಸ್ಕ್ ಶೇಕಡಾ 100 ತೋರಿಸುತ್ತಾ ಓದುವ ಬರೆಯುವ ವೇಗ ಮಾತ್ರ ಹೆಚ್ಚುಕಡಿಮೆ ಸೊನ್ನೆ ಇದ್ದರೆ ಡಿಸ್ಕ್ ಒದ್ದಾಡುತ್ತಿದೆ. ನಮ್ಮದು ಎರಡನೆಯದು. ಆಮೇಲೆ ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆಗೆದ. ಡಿಸ್ಕ್ ಹೆಸರಿನಲ್ಲಿ 7 ಮತ್ತು 153 ನಂಬರಿನ ಎಂಟ್ರಿಗಳು ಸಾಲಾಗಿ ಇದ್ದವು. 7 ಅಂದರೆ ಡಿಸ್ಕಿನಲ್ಲಿ ಕೆಟ್ಟ ಬ್ಲಾಕ್ ಸಿಕ್ಕಿದೆ, 153 ಅಂದರೆ ಒಮ್ಮೆ ಕೇಳಿದ್ದು ಸಿಗದೆ ಮತ್ತೆ ಕೇಳಬೇಕಾಯಿತು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಅದು ಡಿಸ್ಕಿಗೆ ಹಳದಿ ಬಣ್ಣ, ಅಂದರೆ ಎಚ್ಚರಿಕೆ ತೋರಿಸಿತು. ಓದಲು ಬಾರದೆ ಬಾಕಿ ಉಳಿದ ಸೆಕ್ಟರ್‌ಗಳ ಲೆಕ್ಕ ಸೊನ್ನೆ ಇರಬೇಕು, ನಮ್ಮದರಲ್ಲಿ ಇರಲಿಲ್ಲ. ಕೊನೆಗೆ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತು ಪೆನ್‌ಡ್ರೈವಿನಿಂದ ವಿಂಡೋಸಿನ ಬದಲು ಬಳಸುವ ಲಿನಕ್ಸ್ ಮಿಂಟ್ ಓಡಿಸಿದೆವು. ಅದೇ ಮದರ್‌ಬೋರ್ಡು, ಅದೇ ರ್ಯಾಮ್, ಒಮ್ಮೆಯೂ ಹ್ಯಾಂಗ್ ಆಗಲಿಲ್ಲ, ಅಂದರೆ ತಪ್ಪು ಡಿಸ್ಕಿನದೇ.

ಎಸ್‌ಎಸ್‌ಡಿ: ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ 256 ಜಿಬಿಯದು ತಂದೆ. 2,000 ರೂಪಾಯಿಯ ಒಳಗೇ ಆಯಿತು. ಸಾಟಾ (ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಹಚ್ಚುವ) ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿ ಆಸುಪಾಸು ಓದುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ, ಆದರೆ ಮನೆ ಬಳಕೆಗೆ ಮುಖ್ಯವಾದದ್ದು ಅದಲ್ಲ. 7200 ಆರ್‌ಪಿಎಂ (ನಿಮಿಷಕ್ಕೆ 7200 ಸುತ್ತು) ಹಾರ್ಡ್ ಡಿಸ್ಕ್ ಒಂದು ಸುತ್ತು ತಿರುಗಲು 8 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು. ವಿಂಡೋಸ್ ಒಂದೇ ಹೊತ್ತಿಗೆ ನೂರಾರು ಸಣ್ಣ ಫೈಲು ಕೇಳುತ್ತದೆ, ಡಿಸ್ಕಿನ ಮುಳ್ಳು ಒಂದೊಂದಕ್ಕೂ ಸರಿದಾಡಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಆ ಕಾಯುವಿಕೆಯೂ ಇಲ್ಲ.

ಒಂದು ತೊಡಕು ಮಾತ್ರ ಜೀವ ತಿಂದಿತು. ಅಂಗಡಿಯ ಹುಡುಗ ಹಳೆ ಡಿಸ್ಕನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಎಸ್‌ಎಸ್‌ಡಿ ಹಚ್ಚಿ ಅದರಲ್ಲಿ ವಿಂಡೋಸ್ ಹಾಕಿ ಕೊಟ್ಟ. ಫೈಲುಗಳು ಹಳೆ ಡಿಸ್ಕಿನಲ್ಲಿ ಇರಲಿ ಅಂತ ಹಾಗೆ ಮಾಡಿದ್ದು. ಮನೆಗೆ ತಂದು ಆನ್ ಮಾಡಿದರೆ ಬೇಗ ತೆರೆದುಕೊಂಡಿತು, ಖುಷಿಯಾಯಿತು. ಆದರೆ ಫೋಲ್ಡರ್ ತೆರೆಯಲು ಹೋದಾಗಲೆಲ್ಲ ಹಳೆಯ ಹ್ಯಾಂಗೇ! ಎಸ್‌ಎಸ್‌ಡಿ ಹಾಕಿದ ಮೇಲೂ ಹೀಗಾದರೆ ಯಾರಿಗಾದರೂ ಬೋರ್ಡೇ ಹೋಗಿದೆ ಅನಿಸುತ್ತದೆ, ಅಲ್ವಾ? ಬೋರ್ಡಿನದೇನೂ ತಪ್ಪಿರಲಿಲ್ಲ. ವಿಂಡೋಸ್ ತನಗೆ ಹಚ್ಚಿದ ಎಲ್ಲ ಡಿಸ್ಕನ್ನೂ ಮಾತಾಡಿಸುತ್ತಿರುತ್ತದೆ, ಸಾಯುತ್ತಿರುವ ಡಿಸ್ಕ್ ಬೇಗ ಉತ್ತರ ಕೊಡುವುದಿಲ್ಲ, ಅದು ಉತ್ತರ ಕೊಡುವ ತನಕ ಫೋಲ್ಡರ್ ತೋರಿಸುವ ಎಕ್ಸ್‌ಪ್ಲೋರರ್ ಕಾಯುತ್ತಾ ನಿಲ್ಲುತ್ತದೆ.

ಸರಿ, ಹಳೆ ಡಿಸ್ಕಿನ ಕೇಬಲ್ ತೆಗೆದೆ. ವಿಂಡೋಸ್ ಶುರುವೇ ಆಗಲಿಲ್ಲ, ಕಪ್ಪು ಪರದೆಯ ಮೇಲೆ ಬೂಟ್ ಆಗುವ ಡಿಸ್ಕ್ ಹಚ್ಚಿ ಅಂತ ಇಂಗ್ಲಿಷಿನಲ್ಲಿ ಬಂತು. ಅಂಗಡಿಗೆ ಫೋನ್ ಮಾಡಿದರೆ, "ಎರಡೂ ಹಚ್ಚೇ ಇಡ್ರಿ ಸರ್, ಏನೂ ಆಗಂಗಿಲ್ಲ" ಅಂದರು. ಆಗುತ್ತದೆ. ವಿಂಡೋಸ್ ಸೆಟಪ್ ನಡೆಯುವಾಗ ಮೊದಲೇ ಬೂಟ್ ಭಾಗ ಇರುವ ಇನ್ನೊಂದು ಡಿಸ್ಕ್ ಕಂಡರೆ ಬೂಟ್ ಫೈಲುಗಳನ್ನು ಅದರಲ್ಲೇ ಇಡುವುದುಂಟು. ಅಂದರೆ ವಿಂಡೋಸ್ ಹೊಸ ಎಸ್‌ಎಸ್‌ಡಿಯಲ್ಲಿ, ಅದನ್ನು ಶುರು ಮಾಡುವ ಕೀಲಿ ಸಾಯುವ ಡಿಸ್ಕಿನಲ್ಲಿ. ಆ ಡಿಸ್ಕ್ ಪೂರ್ತಿ ಕೈಕೊಟ್ಟ ದಿನ ಎರಡೂ ನಿಂತುಹೋಗುತ್ತಿದ್ದವು. ದುಡ್ಡು ತೆಗೆದುಕೊಂಡು ಮಾಡುವವರು ಇಷ್ಟಾದರೂ ನೋಡಬೇಕು.

ಮೈಕ್ರೋಸಾಫ್ಟ್‌ನ ಸೆಟಪ್ ತಯಾರಿಸುವ ಟೂಲ್ ಉಚಿತ, 8 ಜಿಬಿ ಪೆನ್‌ಡ್ರೈವ್ ಸಾಕು. ಹಳೆ ಡಿಸ್ಕ್ ಹೊರಗಿಟ್ಟು ಎಸ್‌ಎಸ್‌ಡಿ ಒಂದನ್ನೇ ಹಚ್ಚಿ ಮತ್ತೆ ಹಾಕಿದೆವು. ಡಿಜಿಟಲ್ ಲೈಸೆನ್ಸ್ ಬೋರ್ಡಿಗೆ ಸೇರಿದ್ದು, ಹಾಗಾಗಿ ಕೀ ಕೇಳಲಿಲ್ಲ. ನೀವು ಅಂಗಡಿಯಲ್ಲಿ ಮಾಡಿಸುವುದಾದರೆ ಒಂದೇ ಮಾತು ಹೇಳಿ: ಸೆಟಪ್ ಮುಗಿಯುವ ತನಕ ಹಳೆ ಡಿಸ್ಕ್ ಹಚ್ಚಬೇಡಿ.

ಹಳೆಯ ಫೈಲು ತೆಗೆಯಲು ಯುಎಸ್‌ಬಿ ಅಡಾಪ್ಟರ್ ಬೇಕು, ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ ಬೇರೆ ಪವರ್ ಇರುವಂಥದ್ದೇ ತನ್ನಿ. ಮೊದಲು ಪ್ರಶ್ನೆಪತ್ರಿಕೆ, ಆಮೇಲೆ ಫೋಟೋ, ಹೀಗೆ ಬೇಕಾದ್ದನ್ನು ಮುಂಚೆ ಕಾಪಿ ಮಾಡಿ. ಕಾಪಿ ಆಗುವ ಮೊದಲು ಡಿಸ್ಕಿನ ತಪ್ಪು ಹುಡುಕುವ ಚೆಕ್ ಡಿಸ್ಕ್ ಓಡಿಸಬೇಡಿ, ಸೋತ ಡಿಸ್ಕಿಗೆ ಅದು ಇನ್ನಷ್ಟು ಭಾರ. ವಿಂಡೋಸಿನ ಜೊತೆಗೇ ಬರುವ, ಫೈಲು ಕಾಪಿ ಮಾಡುವ ರೋಬೊಕಾಪಿ ಬಳಸಿದರೆ ಒಂದು ಎಚ್ಚರ: ಓದಲಾಗದ ಫೈಲನ್ನು ಅದು ತಾನಾಗಿ 10 ಲಕ್ಷ ಸಲ, ಪ್ರತಿ ಸಲ 30 ಸೆಕೆಂಡು ಕಾದು ಪ್ರಯತ್ನಿಸುತ್ತದೆ. ಎರಡನ್ನೂ 1ಕ್ಕೆ ಇಳಿಸಿ, ಇಲ್ಲದಿದ್ದರೆ ಒಂದು ಕೆಟ್ಟ ಫೋಟೋ ಮುಂದೆಯೇ ನಿಂತುಬಿಡುತ್ತದೆ.

ಹೊಸ ಮಷೀನ್: 30,000ಕ್ಕಿಂತ ಮೇಲೆ ಹೇಳಿದರು. ನುಡಿ, ಯೂಟ್ಯೂಬ್, ಪ್ರಿಂಟ್‌ಗೆ ಅಷ್ಟು ಸುರಿಯುವ ಶಕ್ತಿ ನಮಗಿಲ್ಲ. ಆದರೆ ಇದರ ಪರವಾಗಿ ಒಂದು ಗಟ್ಟಿ ಕಾರಣ ಇದೆ, ಮುಚ್ಚಿಡುವುದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಇಂಟೆಲ್ ಆದರೆ ಎಂಟನೇ ಜನರೇಶನ್ ಇಲ್ಲವೇ ಅದರ ನಂತರದ್ದು, ಜೊತೆಗೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು ಅನ್ನುತ್ತಾರೆ, ನಮ್ಮ ಮಷೀನ್ ಆ ಲೆಕ್ಕಕ್ಕೆ ಬರುವುದಿಲ್ಲ. ಮನೆ ಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್‌ಡೇಟ್ ಕೊಡುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಇಟ್ಟಿದೆ. ಆದರೆ ಅದೂ ಶಾಶ್ವತ ಅಲ್ಲ, ಹಾಗಾಗಿ ಬ್ಯಾಂಕಿನ ಕೆಲಸ ಈ ಕಂಪ್ಯೂಟರಿನಲ್ಲಿ ಮಾಡುವುದನ್ನು ನಾವು ಬಿಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ಅದೇ ಮುಖ್ಯ ಕೆಲಸವಾದರೆ, ಕೈಯಲ್ಲಿ ದುಡ್ಡೂ ಇದ್ದರೆ, ಹೊಸದೇ ತೆಗೆದುಕೊಳ್ಳಿ. ನಮ್ಮ ಹಾಗೆ ಟೈಪಿಂಗ್ ಜಾಸ್ತಿ ಇರುವ ಮನೆಗೆ ಎಸ್‌ಎಸ್‌ಡಿ ಸಾಕು. ಮುಂದೆ ಹೊಸ ಮಷೀನ್ ಬಂದರೂ ಸಾಟಾ ಪೋರ್ಟ್ ಇದ್ದರೆ ಇದೇ ಎಸ್‌ಎಸ್‌ಡಿ ತೆಗೆದು ಅದಕ್ಕೆ ಹಚ್ಚಬಹುದು, ಹಾಕಿದ ದುಡ್ಡು ಎಲ್ಲೂ ಹೋಗುವುದಿಲ್ಲ.

ಎಸ್‌ಎಸ್‌ಡಿಯಲ್ಲಿ ನನಗೆ ಹಿಡಿಸದ್ದು ಒಂದೇ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಹ್ಯಾಂಗ್ ಆಗಿ, ಟಕ್ ಟಕ್ ಸದ್ದು ಮಾಡಿ ತಿಳಿಸುವುದುಂಟು, ಇದು ಹೇಳದೆ ಕೇಳದೆ ಹೋಗಬಹುದು. ಅದಕ್ಕೇ ಕರೆಂಟ್ ಹೋದಾಗಿನ ಸಲುವಾಗಿ ಯುಪಿಎಸ್ ಹಚ್ಚಿದ್ದೇವೆ, ಪ್ರಶ್ನೆಪತ್ರಿಕೆಯ ಫೋಲ್ಡರ್ ಪ್ರತಿ ಭಾನುವಾರ ಹೊರಗಿನ ಡಿಸ್ಕಿಗೆ ಕಾಪಿ ಆಗುತ್ತದೆ.