ಡಿಒಎಬಿ: ಪುಸ್ತಕ ಪುಕ್ಕಟೆ, ಅನುವಾದ ಪುಕ್ಕಟೆಯಲ್ಲ

ತತ್ವಶಾಸ್ತ್ರ, ರಾಜಕೀಯ ಚಿಂತನೆ, ಇತಿಹಾಸದ ಹೊಸ ವಿದ್ವತ್ ಪುಸ್ತಕಗಳನ್ನು ಹೊರದೇಶದಿಂದ ತರಿಸಿದರೆ ಒಂದೊಂದು ಪ್ರತಿಗೇ ಸಾವಿರಾರು ರೂಪಾಯಿ. ದುಡ್ಡು ಕೊಡುವ ಮೊದಲು ಒಮ್ಮೆ ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಬುಕ್ಸ್, ಅಂದರೆ ಡಿಒಎಬಿ, ನೋಡಿ. 2012ರಲ್ಲಿ ಶುರುವಾದ ಈ ಪಟ್ಟಿಗೆ ಲಾಗಿನ್ ಬೇಡ, ಕಾಲೇಜಿನ ಐಡಿಯೂ ಬೇಡ. ಪೀರ್ ರಿವ್ಯೂ (ಅದೇ ಕ್ಷೇತ್ರದ ವಿದ್ವಾಂಸರ ಪರಿಶೀಲನೆ) ಮತ್ತು ಮುಕ್ತ ಲೈಸೆನ್ಸ್ (ಎಲ್ಲರೂ ಪುಕ್ಕಟೆ ಓದಿ ಹಂಚಲು ಕೊಟ್ಟ ಅನುಮತಿ) ಎರಡೂ ಇದ್ದರೆ ಮಾತ್ರ ಪುಸ್ತಕಕ್ಕೆ ಇಲ್ಲಿ ಜಾಗ. ಹಾಗಾಗಿ ಕದ್ದ ಪಿಡಿಎಫ್ ಇರಬಹುದೇ ಎಂಬ ಅಳುಕಿಲ್ಲ.

ಇದು ಬರೀ ಕೆಟಲಾಗು. ಫೈಲು ಹೆಚ್ಚಾಗಿ ಇರುವುದು ಪ್ರಕಾಶಕರ ಸೈಟಿನಲ್ಲಿ, ಇಲ್ಲವೇ ನೆದರ್ಲೆಂಡ್ಸಿನ ಹೇಗ್‌ನಿಂದ ನಡೆಯುವ ಒಎಪೆನ್ ಎಂಬ ಆನ್‌ಲೈನ್ ಲೈಬ್ರರಿಯಲ್ಲಿ. ಹುಡುಕಾಟವೂ ಶೀರ್ಷಿಕೆ, ಲೇಖಕ, ಸಾರಾಂಶ, ಕೀವರ್ಡುಗಳಲ್ಲೇ ಮುಗಿಯುತ್ತದೆ. ಒಳಗಿನ ಅಧ್ಯಾಯದಲ್ಲಿ ವಚನಗಳ ಬಗ್ಗೆ ಮೂವತ್ತು ಪುಟ ಇದ್ದರೂ ಸಾರಾಂಶದಲ್ಲಿ ಆ ಪದ ಬಾರದಿದ್ದರೆ ಪುಸ್ತಕ ಕೈಗೆ ಸಿಗುವುದಿಲ್ಲ. ಕನ್ನಡ ಎಂದಷ್ಟೇ ಹುಡುಕಿ ಕೈಬಿಡಬೇಡಿ. ಸೌತ್ ಏಷ್ಯಾ, ಡೆಕ್ಕನ್, ಮೈಸೂರು ಎಂದೂ ಹಾಕಿ. ರೋಮನ್ ಅಕ್ಷರದ ಹೆಸರುಗಳನ್ನು ದೀರ್ಘ ಸ್ವರದ ಮೇಲಿನ ಗೆರೆ (ā ಹಾಗೆ) ಇಟ್ಟು ಒಮ್ಮೆ, ಇಡದೆ ಒಮ್ಮೆ ಟೈಪ್ ಮಾಡಿ.

ಹೊಸ ಪುಸ್ತಕ ಬೇಕೆನ್ನುವವರು ಎಡವುವುದು ದಿನಾಂಕದಲ್ಲಿ. ಈಚೆಗೆ ಸೇರಿದ್ದು ಎಂದರೆ ಪಟ್ಟಿಗೆ ಸೇರಿದ್ದು ಈಚೆಗೆ ಎಂದು ಅರ್ಥ, ಅಚ್ಚಾದದ್ದಲ್ಲ. ಹತ್ತು ವರ್ಷ ಹಳೆಯ ಪುಸ್ತಕವನ್ನು ಈಗ ಮುಕ್ತಗೊಳಿಸಿದರೆ ಅದೂ ಮೇಲೆ ಬಂದು ಕೂರುತ್ತದೆ. ವರ್ಷದ ಫಿಲ್ಟರ್ ಹಾಕಿಕೊಳ್ಳಿ. ಒಎಪೆನ್‌ಗೆ ಹೋದಾಗ ಇನ್ನೊಂದು ತೊಡಕು: ಇಡೀ ಪುಸ್ತಕ ಮುಕ್ತವಾಗದೆ ಒಂದೇ ಅಧ್ಯಾಯ ಮುಕ್ತವಾದಾಗ ಅದಕ್ಕೂ ಅಲ್ಲಿ ಬೇರೆ ದಾಖಲೆ ಇರುತ್ತದೆ. ಶೀರ್ಷಿಕೆ 'ಚಾಪ್ಟರ್ 4' ಎಂದು ಶುರುವಾದರೆ ಇಪ್ಪತ್ತು ಪುಟವಷ್ಟೇ ಸಿಕ್ಕೀತು.

ಓದಲು ಇಷ್ಟು ಸಾಕು. ಕನ್ನಡಕ್ಕೆ ತರಬೇಕೆಂದಿರುವವರು ಮಾತ್ರ ಪಿಡಿಎಫ್‌ನ ಕಾಪಿರೈಟ್ ಪುಟ ಬಿಡಿಸಿ ನೋಡಲೇಬೇಕು. 2008ರಲ್ಲಿ ಕೇಂಬ್ರಿಜ್‌ನಲ್ಲಿ ಹುಟ್ಟಿದ ಓಪನ್ ಬುಕ್ ಪಬ್ಲಿಷರ್ಸ್‌ನ ಪುಸ್ತಕಗಳಲ್ಲಿ ಈ ಪುಟ ಅಚ್ಚುಕಟ್ಟು. ಯಾವ ಲೈಸೆನ್ಸ್, ಋಣ ಸೂಚಿಸುವಾಗ ಏನೇನು ಬರೆಯಬೇಕು, ಡಿಒಐ (ಪುಸ್ತಕದ ಬದಲಾಗದ ಡಿಜಿಟಲ್ ಗುರುತು) ಯಾವುದು, ಪೇಪರ್‌ಬ್ಯಾಕಿಗೂ ಪಿಡಿಎಫ್‌ಗೂ ಬೇರೆ ಬೇರೆ ಐಎಸ್‌ಬಿಎನ್, ಎಲ್ಲ ಅಲ್ಲೇ ಇದೆ. ಲೈಸೆನ್ಸ್ 'ಸಿಸಿ ಬೈ' (ಕ್ರಿಯೇಟಿವ್ ಕಾಮನ್ಸ್‌ನ, ಋಣ ಸೂಚಿಸಿದರೆ ಸಾಕೆನ್ನುವ ಲೈಸೆನ್ಸ್) ಆಗಿದ್ದರೆ ಯಾರನ್ನೂ ಕೇಳದೆ ಅನುವಾದಿಸಿ ಮಾರಬಹುದು. ಮೂಲದ ಮತ್ತು ಲೈಸೆನ್ಸಿನ ವಿವರ ಕೊಟ್ಟು, ಇದು ಅನುವಾದ ಎಂದು ಹೇಳಿದರಾಯಿತು. ಅದಕ್ಕೆ 'ಎನ್‌ಸಿ' (ವಾಣಿಜ್ಯ ಬಳಕೆ ಬೇಡ) ಸೇರಿದ್ದರೆ ಬ್ಲಾಗಿನಲ್ಲಿ ಪುಕ್ಕಟೆ ಹಾಕಬಹುದು, ಪ್ರಕಾಶನದ ಮೂಲಕ ಇನ್ನೂರು ರೂಪಾಯಿಗೆ ಮಾರಲು ಅನುಮತಿ ಬೇಕು. 'ಎಸ್‌ಎ' ಇದ್ದರೆ ಅನುವಾದಕ್ಕೂ ಅದೇ ಲೈಸೆನ್ಸ್. 'ಎನ್‌ಡಿ' (ಬದಲಿಸಿದ ರೂಪ ಹಂಚುವಂತಿಲ್ಲ) ಕಂಡರೆ ಅಲ್ಲಿಗೇ ನಿಲ್ಲಿ: ನಿಮ್ಮ ಓದಿಗೆ ಅನುವಾದಿಸಿಕೊಳ್ಳಬಹುದು, ಅನುಮತಿಯಿಲ್ಲದೆ ಆ ಅನುವಾದದ ಒಂದು ಪುಟವನ್ನೂ ಹಂಚುವಂತಿಲ್ಲ. ಅಧ್ಯಾಯದ ನಡುವಿನ ಚಿತ್ರ, ನಕ್ಷೆಗಳು ಬೇರೆಯವರದ್ದಾಗಿದ್ದರೆ ಈ ಲೈಸೆನ್ಸಿಗೆ ಒಳಪಡುವುದಿಲ್ಲ. ಚಿತ್ರದ ಅಡಿಬರಹ ಓದಿ.

ವಿದ್ವತ್ ಪುಸ್ತಕಗಳಿಗೆ ಎನ್‌ಡಿ ಹಚ್ಚುವುದು ನಮ್ಮಂಥ ಭಾಷೆಗಳ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಆದರೆ ಲೈಸೆನ್ಸ್ ಆರಿಸುವುದು ಲೇಖಕ, ಪ್ರಕಾಶಕರು. ಡಿಒಎಬಿಯನ್ನು ದೂರಿ ಫಲವಿಲ್ಲ.

ಈ ಪಟ್ಟಿ ಯಾವ ಕಡೆಗೆ ವಾಲಿದೆ ಎಂಬುದೂ ಗೊತ್ತಿರಲಿ. ಪುಸ್ತಕ ಮುಕ್ತಗೊಳಿಸಲು ದೊಡ್ಡ ಪ್ರಕಾಶಕರು ಲೇಖಕರ ಕಡೆಯಿಂದ ಸಾವಿರಾರು ಪೌಂಡು ಪಡೆಯುತ್ತಾರೆ. ಆ ಹಣ ಹೆಚ್ಚಾಗಿ ಬರುವುದು ಯೂರೋಪಿಯನ್ ರಿಸರ್ಚ್ ಕೌನ್ಸಿಲ್‌ನಂಥ ಸಂಸ್ಥೆಗಳಿಂದ. ಹಾಗಾಗಿ ಯೂರೋಪಿನ ವಿಷಯ ಧಾರಾಳ, ಭಾರತದ ರಾಜಕೀಯ ಚಿಂತನೆ ತೆಳು. ಓಪನ್ ಬುಕ್ ಪಬ್ಲಿಷರ್ಸ್ ಲೇಖಕರ ಮೇಲೆ ಇಂಥ ಶುಲ್ಕ ಹೇರುವುದಿಲ್ಲ.

ಮೊಬೈಲಿನಲ್ಲಿ ಓದುವವರು ಇಪಬ್ (ಪರದೆಯ ಅಳತೆಗೆ ಹೊಂದಿಕೊಳ್ಳುವ ಇ-ಪುಸ್ತಕದ ಫೈಲು) ಇದ್ದರೆ ಅದನ್ನೇ ಇಳಿಸಿಕೊಳ್ಳಿ. ಪಿಡಿಎಫ್‌ನ ಅಡಿಟಿಪ್ಪಣಿಗಳನ್ನು ಚಿಕ್ಕ ಪರದೆಯಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದುವುದು ಶಿಕ್ಷೆ. ಬುಕ್‌ಮಾರ್ಕ್ ಮಾಡುವಾಗ ಸೈಟಿನ ವಿಳಾಸ ಬಿಟ್ಟು ಡಿಒಐ ಉಳಿಸಿಕೊಳ್ಳಿ. ಪ್ರಕಾಶಕರು ಸೈಟು ಬದಲಿಸಿದಾಗ ಹಳೆ ಕೊಂಡಿ ಸಾಯುತ್ತದೆ, ಡಿಒಐ ಹೊಸ ಜಾಗಕ್ಕೆ ಕರೆದೊಯ್ಯುತ್ತದೆ.