ಎಸಿ ನೀರು ಕ್ಯಾಬಿನ್ ಒಳಗೆ ಸೋರುತ್ತಿದೆಯಾ? ಡ್ರೈನ್ ಪೈಪಿಗೆ ಗಾಳಿ ಹೊಡೆಸುವ ಮುಂಚೆ ಇದನ್ನೊಮ್ಮೆ ಓದಿ

ಮೊದಲು ಕೇಳಿಸಿದ್ದು ಸದ್ದು. ತಿರುವಿನಲ್ಲಿ ಲಾರಿ ವಾಲಿದಾಗ ಡ್ಯಾಶ್‌ಬೋರ್ಡ್ ಒಳಗೆ ಅರ್ಧ ತುಂಬಿದ ಕೊಡ ಕುಲುಕಿದ ಹಾಗೆ 'ಗುಳಕ್' ಅಂತ. ಮುಂದಿನ ತಿರುವಿಗೆ, ಪಕ್ಕದ ಸೀಟಿನಲ್ಲಿ ಕಾಲು ಚಾಚಿ ತೂಕಡಿಸುತ್ತಿದ್ದ ಕ್ಲೀನರ್ ಹುಡುಗ ದಡಕ್ಕನೆ ಎದ್ದು ಕೂತ. "ಅಣ್ಣಾ, ಕಾಲ ಮೇಲೆ ತಣ್ಣೀರು ಬಿತ್ತು" ಅಂದ. ಬಾಟಲಿ ಮುಚ್ಚಳ ಸರಿಯಾಗಿ ಹಾಕಿಲ್ಲ ಅಂತ ಅವನಿಗೇ ಬೈದೆ. ಪಾಪ, ಬಾಟಲಿ ಖಾಲಿಯಿತ್ತು.

ನಾಲ್ಕು ದಿನ ಬಟ್ಟೆ ಹಾಸುವುದು, ಹಿಂಡುವುದು, ಮತ್ತೆ ಹಾಸುವುದು. ತಂಪು ಚೆನ್ನಾಗಿಯೇ ಬರುತ್ತಿತ್ತಲ್ಲ, ಅದಕ್ಕೇ ಉದಾಸೀನ. ಆ ನಾಲ್ಕು ದಿನದಲ್ಲಿ ಒಂದೇ ಒಂದು ಸಲ ಬಗ್ಗಿ ಗಾಡಿಯ ಅಡಿ ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಎಸಿ ಓಡುವಾಗ ಕೆಳಗೆ ನೆಲದ ಮೇಲೆ ನೀರು ತೊಟ್ಟಿಕ್ಕಬೇಕು. ನನ್ನ ಗಾಡಿಯ ಅಡಿ ನೆಲ ಒಣಗಿತ್ತು.

ಡ್ಯಾಶ್‌ಬೋರ್ಡ್ ಒಳಗೆ ಕೂಲಿಂಗ್ ಕಾಯಿಲ್ ಇರುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವ ಹಾಗೆ, ಕ್ಯಾಬಿನ್ನಿನ ಗಾಳಿಯಲ್ಲಿರುವ ತೇವ ಆ ಕಾಯಿಲ್ ಮೇಲೆ ನೀರಾಗುತ್ತದೆ, ಕೆಳಗಿನ ತಟ್ಟೆಗೆ ಇಳಿಯುತ್ತದೆ, ಅಲ್ಲಿಂದ ಒಂದು ಸಣ್ಣ ರಬ್ಬರ್ ಪೈಪಿನ ಮೂಲಕ ಹೊರಗೆ ಹೋಗುತ್ತದೆ. ಬೆವರು ಅಂದರೆ ನಾಲ್ಕು ಹನಿ ಅಂದುಕೊಳ್ಳಬೇಡಿ. 30 ಡಿಗ್ರಿ ಸೆಲ್ಸಿಯಸ್ ಬಿಸಿಯ, 70 ಶೇಕಡಾ ತೇವದ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 21 ಗ್ರಾಂ ನೀರಿರುತ್ತದೆ. ಅದೇ ಗಾಳಿ 10 ಡಿಗ್ರಿಗೆ ಇಳಿದರೆ ಹಿಡಿದುಕೊಳ್ಳಬಲ್ಲದ್ದು 9 ಗ್ರಾಂ ಚಿಲ್ಲರೆ ಮಾತ್ರ. ಮಿಕ್ಕಿದ್ದೆಲ್ಲ ತಟ್ಟೆಗೆ. ಗಂಟೆಗೆ 100 ಘನ ಮೀಟರ್ ಹೊರಗಿನ ಗಾಳಿ ಒಳಗೆಳೆದುಕೊಂಡರೂ ಲೀಟರಿಗಿಂತ ಹೆಚ್ಚು ನೀರಾಯಿತು. ಪೈಪ್ ಕಟ್ಟಿಕೊಂಡರೆ ಇಡೀ ದಿನದ ಓಟದ ನೀರು ಎಲ್ಲಿ ಹೋಗಬೇಕು ಹೇಳಿ? ಹುಡುಗನ ಕಾಲ ಮೇಲೆ.

ಇದೆಲ್ಲ ಈಗ ಗೊತ್ತು. ಆಗ ಗೊತ್ತಿರಲಿಲ್ಲ, ಹಾಗಾಗಿ ಮೊದಲ ಮೆಕ್ಯಾನಿಕ್ "ಗ್ಯಾಸ್ ಕಡಿಮೆಯಾಗಿದೆ" ಅಂದಾಗ ತಲೆಯಾಡಿಸಿದೆ. ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಲಿಲ್ಲ, ಎಸಿ ಗಾಳಿ ಬರುವ ಕಿಂಡಿಯ ಮುಂದೆ ಕೈ ಹಿಡಿದು ನೋಡಿದ, ಅಷ್ಟೇ. ಗ್ಯಾಸ್ ತುಂಬಿದ, ದುಡ್ಡು ತೆಗೆದುಕೊಂಡ. ಮರುದಿನ ಮ್ಯಾಟ್ ಮತ್ತೆ ಒದ್ದೆ.

ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಗ್ಯಾಸ್ ಕಡಿಮೆಯಾದರೆ ಕಾಯಿಲ್ ವಿಪರೀತ ತಣ್ಣಗಾಗಿ ಮೇಲೆ ಮಂಜುಗಡ್ಡೆ ಕಟ್ಟಬಹುದು. ಎಸಿ ಆರಿಸಿದ ಮೇಲೆ ಅದೆಲ್ಲ ಕರಗಿ ಒಮ್ಮೆಲೇ ಸುರಿಯುತ್ತದೆ. ಕ್ಯಾಬಿನ್ ಫಿಲ್ಟರ್ ಕಸ ತುಂಬಿದ್ದರೂ, ಗಾಳಿ ಊದುವ ಬ್ಲೋವರ್ ಸೋತಿದ್ದರೂ, ಕಾಯಿಲ್ಲಿನ ಸೆನ್ಸಾರ್ ಕೆಟ್ಟಿದ್ದರೂ ಇದೇ ಗತಿ. ಆದರೆ ಗಡ್ಡೆ ಕಟ್ಟಿದರೆ ಅದು ಮೊದಲೇ ಗೊತ್ತಾಗುತ್ತದೆ: ಒಂದೆರಡು ಗಂಟೆ ಓಡಿದ ಮೇಲೆ ಗಾಳಿಯ ರಭಸ ಕುಗ್ಗುತ್ತದೆ, ಬ್ಲೋವರ್ ಸದ್ದು ಮಾಡುತ್ತದೆ, ಗಾಳಿ ಬರುವುದಿಲ್ಲ. ನನ್ನದರಲ್ಲಿ ಗಾಳಿ ಜೋರಾಗಿಯೇ ಇತ್ತು. ಇನ್ನೊಂದು ಮಾತು, ಎಸಿ ಗ್ಯಾಸ್ ಡೀಸೆಲ್ ಥರ ಉರಿದು ಖಾಲಿಯಾಗುವ ವಸ್ತುವಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ತುಂಬಿಸುತ್ತೇನೆ ಅನ್ನುವವನ ಹತ್ತಿರ ನಾನಂತೂ ಇನ್ನು ಗಾಡಿ ಬಿಡುವುದಿಲ್ಲ.

ಈಗ ಈ ಬರಹದ ಮುಖ್ಯ ವಿಷಯಕ್ಕೆ ಬರ್ತೀನಿ.

ಎರಡನೆಯವನು ಕಾಯಿಲೆ ಸರಿಯಾಗಿಯೇ ಹಿಡಿದ. ಡ್ರೈನ್ ಕಟ್ಟಿಕೊಂಡಿದೆ ಅಂದ. ಗಾಡಿಯ ಅಡಿ ನುಗ್ಗಿ, ಪೈಪಿನ ತುದಿಯಲ್ಲಿ ಬಾತುಕೋಳಿ ಕೊಕ್ಕಿನ ಹಾಗೆ ಚಪ್ಪಟೆಯಾಗಿದ್ದ ರಬ್ಬರನ್ನು ಬ್ಲೇಡಿನಿಂದ ಕುಯ್ದು ಎಸೆದ. "ಇದೇ ಎಲ್ಲ ಕಸ ಹಿಡಿಯೋದು, ಇದು ಬೇಡ." ಆಮೇಲೆ ಗಾಳಿ ಗನ್ ಪೈಪಿಗೆ ಒತ್ತಿ ಹಿಡಿದು ಒಂದೇ ಸಲಕ್ಕೆ ಪೂರ್ತಿ ಬಿಟ್ಟ. ಒಳಗೆ 'ಟಪ್' ಅಂತ ಏನೋ ಸಿಡಿದ ಸದ್ದು. ಮರುಕ್ಷಣ ಕೆಸರುನೀರು ಬುಳಬುಳನೆ ಕೆಳಗೆ ಬಂತು, ಕಿಂಡಿಯಿಂದ ಹಸಿರು ಲೋಳೆಯ ಚೂರುಗಳು ಹಾರಿ ಸೀಟಿನ ಮೇಲೆ ಬಿದ್ದವು. ನನಗೋ ಖುಷಿ. ಆ ಟಪ್ ಸದ್ದನ್ನು ಕಸ ಬಿಟ್ಟುಕೊಂಡ ಸದ್ದು ಅಂದುಕೊಂಡೆ.

ಅದು ತಟ್ಟೆಯ ಮೂತಿಯಿಂದ ಪೈಪ್ ಕಳಚಿದ ಸದ್ದು.

ಆ ಪೈಪನ್ನು ಒಳಗಡೆ ಮೂತಿಗೆ ಸುಮ್ಮನೆ ತೊಡಿಸಿರುತ್ತಾರೆ, ಎಷ್ಟೋ ಗಾಡಿಗಳಲ್ಲಿ ಕ್ಲಿಪ್ಪೂ ಇರುವುದಿಲ್ಲ. ಬೇಕಾಗಿಯೂ ಇಲ್ಲ, ನೀರು ತನ್ನ ಭಾರಕ್ಕೆ ತಾನೇ ಇಳಿಯುವ ಜಾಗ ಅದು. 10 ಸೆಂಟಿಮೀಟರ್ ಎತ್ತರ ನಿಂತ ನೀರಿನ ಒತ್ತಡ ಎಷ್ಟು ಗೊತ್ತಾ, ಸುಮಾರು 0.01 ಬಾರ್. ಗನ್ನಿನಿಂದ ಬರುವುದು 8 ಬಾರ್ ಆಸುಪಾಸಿನ ಗಾಳಿ. ಎಂಟುನೂರು ಪಟ್ಟು! ಕಸವನ್ನೂ ನೂಕುತ್ತದೆ, ಪೈಪನ್ನೂ ನೂಕುತ್ತದೆ.

ಇದರ ಕೆಟ್ಟ ಗುಣ ಏನೆಂದರೆ ಸೋರಿಕೆ ನಿಂತ ಹಾಗೆ ಕಾಣಿಸುತ್ತದೆ. ಮೊದಲು ತಟ್ಟೆ ತುಂಬಿ ಉಕ್ಕಿ ಕಾಲ ಮೇಲೆ ಬೀಳುತ್ತಿತ್ತು, ಕಣ್ಣಿಗೆ ಬೀಳುತ್ತಿತ್ತು. ಪೈಪ್ ಕಳಚಿದ ಮೇಲೆ ನೀರು ಕ್ಯಾಬಿನ್ನಿನ ಮುಂಗೋಡೆಯ ಒಳಮೈಗುಂಟ ಸದ್ದಿಲ್ಲದೆ ಇಳಿದು ಮ್ಯಾಟಿನ ಅಡಿಯ ಫೋಮಿಗೆ ಸೇರುತ್ತಿತ್ತು. ಮೇಲೆ ರಬ್ಬರ್ ಮ್ಯಾಟ್ ಒಣಗಿಯೇ ಇದೆ. ಕುಲುಕುವ ಸದ್ದೂ ಇಲ್ಲ. ಮೂರು ವಾರ ಆರಾಮಾಗಿ ಗಾಡಿ ಓಡಿಸಿದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಒದ್ದೆ ಗೋಣಿಚೀಲದ ವಾಸನೆ, ಗಾಜಿನ ಒಳಮೈ ಮಬ್ಬು. ಅದಕ್ಕೂ ಹುಡುಗನಿಗೇ ಬೈಗುಳ, ಒದ್ದೆ ಟವೆಲ್ ಒಳಗಿಡಬೇಡ ಅಂತ.

ಆಮೇಲೊಂದು ದಿನ ಕೀ ತಿರುಗಿಸಿದರೆ ಎಚ್ಚರಿಕೆ ದೀಪಗಳು ಒಂದರ ಹಿಂದೆ ಒಂದು ಹತ್ತಿಕೊಂಡವು. ಗಾಡಿ ಸ್ಟಾರ್ಟ್ ಆಯಿತು, ಆದರೆ ಆಕ್ಸಿಲರೇಟರ್ ಎಷ್ಟು ತುಳಿದರೂ ಪಿಕಪ್ ಇಲ್ಲ. ಲೋಡ್ ಬೇರೆ ಇತ್ತು. ಡೀಸೆಲ್ ಫಿಲ್ಟರ್ ಇರಬೇಕು, ಸೆನ್ಸಾರ್ ಇರಬೇಕು ಅಂತ ಅರ್ಧ ದಿನ ಹೋಯಿತು. ಮೂರನೆಯ ಮೇಸ್ತ್ರಿ, ವಯಸ್ಸಾದವರು, ಬಂದವರು ಮೊದಲು ಯಾವ ಮೆಷಿನ್ನೂ ಹಚ್ಚಲಿಲ್ಲ. ಮೂಗು ಅರಳಿಸಿ, "ಏನಪ್ಪಾ ಇದು ವಾಸನೆ?" ಅಂದರು. ಪಕ್ಕದ ಸೀಟಿನ ಮ್ಯಾಟ್ ಎತ್ತಿ, ಫೋಮಿನ ಮೇಲೆ ಅಂಗೈ ಒತ್ತಿದರು. ಬೆರಳ ಸಂದಿಯಿಂದ ಕಪ್ಪು ನೀರು ಉಕ್ಕಿತು.

ಫೋಮ್ ಅಡಿಯಲ್ಲಿ ವೈರಿಂಗ್ ಕಟ್ಟು ಹಾದುಹೋಗಿತ್ತು. ಅದರ ಮಧ್ಯೆ ವೈರುಗಳನ್ನು ಜೋಡಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಲರ್. ಬಿಡಿಸಲು ಹೋದರೆ ಬರುತ್ತಿಲ್ಲ, ಅಂಟಿಕೊಂಡಿದೆ. ಕಷ್ಟಪಟ್ಟು ಎಳೆದಾಗ ಒಳಗಿನ ಪಿನ್ನುಗಳ ಮೇಲೆ ತಿಳಿಹಸಿರು ಪುಡಿ, ತಾಮ್ರದ ಪಾತ್ರೆ ಕಿಲುಬು ಹಿಡಿದ ಹಾಗೆ. ಒಂದು ಪಿನ್ನಂತೂ ಮುರಿದು ಕಪ್ಲರಿನಲ್ಲೇ ಉಳಿಯಿತು. ನಿಂತ ನೀರು, ಅದರಲ್ಲಿ ಸದಾ ಕರೆಂಟು, ಲೋಹಕ್ಕೆ ಇನ್ನೇನಾಗಬೇಕು? ಕೆಲವು ಗಾಡಿಗಳಲ್ಲಿ ಫ್ಯೂಸ್ ಬಾಕ್ಸ್, ಕಂಟ್ರೋಲ್ ಯೂನಿಟ್‌ಗಳೂ ಆ ಕಡೆಯೇ ಇರುತ್ತವೆ. ನನ್ನದರಲ್ಲಿ ಅಷ್ಟು ಕೆಳಗಿರಲಿಲ್ಲ, ಬಚಾವಾದೆ.

ಮೇಸ್ತ್ರಿ ಪತ್ತೆ ಹಚ್ಚಿದ ರೀತಿ ಹೇಳಲೇಬೇಕು. ಬ್ಲೋವರ್ ಆರಿಸಿ, ಬ್ಲೋವರಿನ ವೈರಿಗೆ ನೀರು ತಾಗದ ಹಾಗೆ, ಸಣ್ಣ ಟ್ಯೂಬಿನಿಂದ ಒಂದು ಲೋಟ ನೀರನ್ನು ತಟ್ಟೆಗೇ ನಿಧಾನವಾಗಿ ಬಿಟ್ಟರು. ಹುಡುಗನನ್ನು ಕೆಳಗೆ ಕೂರಿಸಿ ಇನ್ನೊಂದು ಲೋಟ ಹಿಡಿಸಿದರು. "ಬಂತೇನೋ?" "ಇಲ್ಲ ತಾತ." "ಈಗ?" "ನಾಲ್ಕು ಹನಿ." ಮೇಲೆ ಹೋಗಿದ್ದು ಒಂದು ಲೋಟ, ಕೆಳಗೆ ಬಂದಿದ್ದು ಗುಟುಕಿನಷ್ಟು. ಮಿಕ್ಕಿದ್ದು ಟಾರ್ಚ್ ಬೆಳಕಿನಲ್ಲಿ ಮುಂಗೋಡೆಗುಂಟ ಹೊಳೆಯುತ್ತಾ ಇಳಿಯುತ್ತಿತ್ತು. ಇಷ್ಟಕ್ಕೆ ಹತ್ತು ನಿಮಿಷ ಹಿಡಿದಿರಬಹುದು.

ಪೈಪ್ ಮತ್ತೆ ತೊಡಿಸಿ ಕ್ಲಿಪ್ ಹಾಕಿದರು. ತೊಡಿಸುವ ಮುಂಚೆ ಪೈಪನ್ನು ಹೊರಗೇ ತೊಳೆದಾಗ ಬೆರಳುದ್ದದ ಲೋಳೆಯ ಬಿರಡೆ ಇಡಿಯಾಗಿ ಜಾರಿ ಬಂತು: ಧೂಳು, ಎಲೆಯ ನಾರು, ಯಾವುದೋ ಹುಳದ ರೆಕ್ಕೆ. ಅಂದರೆ ಅಷ್ಟೆಲ್ಲ ಗಾಳಿ ಹೊಡೆದರೂ ಕಸ ಅಲ್ಲೇ ಇತ್ತು! ಪೈಪ್ ಕಳಚಿದ್ದರಿಂದ ತಟ್ಟೆಯ ನೀರು ಬೇರೆ ದಾರಿ ಹಿಡಿದಿತ್ತು, ಅದನ್ನೇ ನಾನು ರಿಪೇರಿ ಅಂದುಕೊಂಡಿದ್ದು.

ಕುಯ್ದು ಎಸೆದ ರಬ್ಬರ್ ಕೊಕ್ಕಿಗೂ ಕೆಲಸವಿತ್ತು. ನೀರು ಬಂದಾಗ ತೆರೆದು, ಮಿಕ್ಕ ಹೊತ್ತು ಮುಚ್ಚಿಕೊಂಡು ಧೂಳು, ಜೇಡ, ಕಣಜದ ಹುಳ ಒಳಗೆ ಹೋಗದ ಹಾಗೆ ತಡೆಯುತ್ತದೆ. ಕೆಲವು ಯೂನಿಟ್‌ಗಳಲ್ಲಿ ಬ್ಲೋವರ್ ಕಾಯಿಲ್ಲಿನ ಆಚೆ ಕೂತು ಗಾಳಿಯನ್ನು ಎಳೆಯುತ್ತದೆ. ಅಂಥದ್ದರಲ್ಲಿ ಕೊಕ್ಕು ಇಲ್ಲದಿದ್ದರೆ ಹೊರಗಿನ ಗಾಳಿ ಪೈಪಿನಿಂದ ಮೇಲಕ್ಕೆ ನುಗ್ಗಿ ನೀರನ್ನು ಇಳಿಯಲು ಬಿಡುವುದಿಲ್ಲ; ಬ್ಲೋವರ್ ಆರಿಸಿದ ತಕ್ಷಣ ಸುರಿಯುತ್ತದೆ. ಹಾಗಾಗಿ ಕಸ ಹಿಡಿದಿದ್ದರೆ ಕೊಕ್ಕನ್ನು ಬೆರಳಲ್ಲಿ ಹಿಸುಕಿ ತೊಳೆಯಿರಿ, ಗಟ್ಟಿಯಾಗಿ ಅಂಟಿಕೊಂಡಿದ್ದರೆ ಹೊಸದು ಹಾಕಿ.

ಹಾಗಾದರೆ ಕಟ್ಟಿಕೊಂಡದ್ದನ್ನು ಬಿಡಿಸುವುದು ಹೇಗೆ? ಊದುವ ಬದಲು ಹೀರಬೇಕು. ನೀರು ಎಳೆಯುವ ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಪೈಪಿನ ಕೆಳತುದಿಗೆ ಬಟ್ಟೆ ಸುತ್ತಿ ಹಿಡಿದರೆ ಕಸ ನೀರಿಳಿಯುವ ದಾರಿಯಲ್ಲೇ ಹೊರಗೆ ಬರುತ್ತದೆ. ಅದಿಲ್ಲದಿದ್ದರೆ ಮೆತ್ತನೆಯ ನೈಲಾನ್ ದಾರ, ತಿರುಚುತ್ತಾ, ಮೆಲ್ಲಗೆ. ಕಬ್ಬಿಣದ ತಂತಿ ಮಾತ್ರ ಬೇಡ. ಕಾಯಿಲ್ ತೆಳ್ಳಗಿನ ಅಲ್ಯೂಮಿನಿಯಂ, ಒಂದು ತೂತು ಬಿದ್ದರೆ ಗ್ಯಾಸೂ ಹೋಯಿತು, ಡ್ಯಾಶ್‌ಬೋರ್ಡೂ ಬಿಚ್ಚಬೇಕಾಯಿತು. ಕ್ಯಾಬಿನ್ ಟಿಲ್ಟ್ ಮಾಡಿ ಕೆಲಸ ಮಾಡುವುದಾದರೆ ಲಾಕ್ ಬಿದ್ದಿದೆಯಾ ಅಂತ ಎರಡು ಸಲ ನೋಡದೆ ತಲೆ ಒಳಗೆ ಹಾಕಬೇಡಿ. ಇಳಿಸಿದ ಮೇಲೆ ಪೈಪ್ ಎಲ್ಲಾದರೂ ಮಡಚಿ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ.

ಸೋರುವ ನೀರೆಲ್ಲ ಎಸಿಯದ್ದೇ ಅಂತಲೂ ಇಲ್ಲ. ಬಿಳಿ ಟಿಶ್ಯೂ ಅದ್ದಿ ನೋಡಿ. ಬಣ್ಣವಿದ್ದು, ಜಿಗುಟಾಗಿ, ಸಿಹಿ ವಾಸನೆ ಬಂದರೆ ಅದು ಹೀಟರಿನಿಂದ ಬರುವ ಕೂಲಂಟ್, ಎಂಜಿನ್ ತಂಪಾಗಿಡುವ ದ್ರವ. ವಿಷ ಅದು, ನಾಲಿಗೆಗೆ ಹಚ್ಚಿ ನೋಡುವ ಸಾಹಸ ಬೇಡ, ಎಂಜಿನ್ನಿನ ಕೂಲಂಟ್ ಮಟ್ಟ ನೋಡಿ. ಎಸಿ ಹಾಕದ ದಿನವೂ ಮಳೆ ಬಂದಾಗ ಒದ್ದೆಯಾದರೆ ಮುಂಗಾಜಿನ ಅಂಚು, ಬಾಗಿಲ ರಬ್ಬರ್, ಮಾಡಿನ ಕಿಟಕಿ ನೋಡಿ. ತಣ್ಣಗಿನ ಎಸಿ ಪೈಪಿಗೆ ಸುತ್ತಿದ ಫೋಮ್ ಹರಿದಿದ್ದರೆ ಆ ಪೈಪೇ ಬೆವರಿ ತೊಟ್ಟಿಕ್ಕುತ್ತದೆ, ಅದಕ್ಕೆ ಹೊಸ ಫೋಮ್ ಟೇಪ್ ಸುತ್ತಿದರೆ ಸಾಕು.

ನನ್ನ ಗಾಡಿಯ ಫೋಮ್ ಒಣಗಲು ಐದು ದಿನ ಹಿಡಿಯಿತು, ಅದೂ ಹೊರತೆಗೆದು ಬಿಸಿಲಿಗೆ ಹಾಕಿದ್ದಕ್ಕೆ. ಮೇಲಿಂದ ಒರೆಸಿ ಒಣಗಿತು ಅಂದುಕೊಂಡರೆ ತಿಂಗಳಾದರೂ ಒಣಗುತ್ತಿರಲಿಲ್ಲ. ನೆಲದ ತಗಡಿನಲ್ಲಿ ಎರಡು ಕಡೆ ತುಕ್ಕು ಶುರುವಾಗಿತ್ತು, ಉಜ್ಜಿ ಪ್ರೈಮರ್ ಹೊಡೆದಿದ್ದೇನೆ. ಕಪ್ಲರ್ ಬದಲಾಯಿತು. ಆದರೆ ಕಿಲುಬು ವೈರಿನೊಳಗೂ ಎಷ್ಟೋ ದೂರ ಹತ್ತಿದೆ ಅಂತ ಮೇಸ್ತ್ರಿ ಹೇಳಿದ್ದರು. ಹೋದ ವಾರ ರಾತ್ರಿ ಓಟದಲ್ಲಿ ಅವತ್ತು ಹತ್ತಿದ್ದ ಹಳದಿ ಎಚ್ಚರಿಕೆ ದೀಪ ಒಂದು ಕ್ಷಣ ಮಿನುಗಿ ಆರಿತು. ಹುಡುಗನೂ ನೋಡಿದ. ಇಬ್ಬರೂ ಏನೂ ಮಾತಾಡಲಿಲ್ಲ. ಈ ಲೋಡ್ ಇಳಿಸಿದ ಮೇಲೆ ಆ ವೈರಿಂಗ್ ಕಟ್ಟು ಪೂರ್ತಿ ಬಿಚ್ಚಿಸಬೇಕು.