ನಾಬ್ ಮೇಲಿನ ಆಂಪಿಯರ್ ನಂಬಿ ಟಿಗ್ ಮಷಿನ್ ಕೊಳ್ಳಬೇಡಿ

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ವರ್ಕ್‌ಶಾಪುಗಳಲ್ಲಿ ಟಿಗ್ ವೆಲ್ಡಿಂಗ್ (ಟಂಗ್‌ಸ್ಟನ್ ಕಡ್ಡಿಯ ತುದಿಯಲ್ಲಿ ಹೊತ್ತುವ ವಿದ್ಯುತ್ ಜ್ವಾಲೆ, ಅಂದರೆ ಆರ್ಕ್‌ನ ಕಾವಿನಲ್ಲಿ ಲೋಹ ಕರಗಿಸಿ ಬೆಸೆಯುವ ಕೆಲಸ) ಕಲಿತು, ಸ್ವಂತ ಮಷಿನ್ ಕೊಳ್ಳಲು ಹಣ ಕೂಡಿಡುತ್ತಿರುವವರು ಇದನ್ನು ಓದಲೇಬೇಕು. ಒಂದೇ ಅಂಕಿಗೆ ಇಟ್ಟ ಎರಡು ಮಷಿನ್‌ಗಳು ಒಂದೇ ಕಾವು ಕೊಡುತ್ತವೆ ಎಂಬ ಭರವಸೆ ಇಲ್ಲ.

ನಾನು ಕಲಿತದ್ದು ಮೂರು ಫೇಸಿನ ಹಳೆಯ, ಭಾರವಾದ ಮಷಿನ್ ಮೇಲೆ. 2 ಮಿಲಿಮೀಟರ್ ಸ್ಟೇನ್‌ಲೆಸ್ ಸ್ಟೀಲ್ ಶೀಟಿಗೆ 70 ಆಂಪಿಯರ್ ಇಟ್ಟು ಆರ್ಕ್ ಹಿಡಿದರೆ, ಟಂಗ್‌ಸ್ಟನ್ ತುದಿಯ ಕೆಳಗೆ ಲೋಹ ಕರಗಿ ಕನ್ನಡಿಯಂತೆ ಹೊಳೆಯುವ ಸಣ್ಣ ಹೊಂಡ ನಿಲ್ಲುತ್ತಿತ್ತು. ಜೋಡಣೆಗೆ ತುಂಬುವ ಲೋಹದ ಕಡ್ಡಿ, ಅಂದರೆ ಫಿಲ್ಲರ್ ರಾಡ್ ತಾಗಿಸಿದರೆ ಆ ಹೊಂಡವೇ ಅದನ್ನು ಎಳೆದುಕೊಳ್ಳುತ್ತಿತ್ತು. ಅನಂತರ ಅಂಗಡಿಯೊಂದರಲ್ಲಿ ‘200 ಆಂಪಿಯರ್ ಟಿಗ್’ ಎಂದು ಹೇಳಿ ಕೊಟ್ಟ ಸಿಂಗಲ್ ಫೇಸ್ ಇನ್ವರ್ಟರ್ ಮಷಿನ್ (ಎಲೆಕ್ಟ್ರಾನಿಕ್ಸ್‌ನಿಂದ ಕರೆಂಟ್ ಹೊಂದಿಸುವ ಹಗುರ ಬಗೆಯದು) ತಂದೆ. ಅದೇ ದಪ್ಪದ ಶೀಟು, ಅದೇ ಟಂಗ್‌ಸ್ಟನ್, ಅದೇ 70ರ ಗುರುತು. ಆದರೆ ಲೋಹ ಬಣ್ಣ ತಿರುಗಿತೇ ಹೊರತು ಬೇಗ ಕರಗಲಿಲ್ಲ. ಕರಗಲೆಂದು ಟಾರ್ಚನ್ನು ಅಲ್ಲೇ ಹಿಡಿದಷ್ಟೂ ಕಾವು ಸುತ್ತ ಹರಡಿ ಶೀಟು ಸೊಟ್ಟಗಾಯಿತು, ಜೋಡಣೆಯ ಎರಡೂ ಬದಿ ಬೂದು ಬಣ್ಣಕ್ಕೆ ಬಂತು. ನಾಬನ್ನು ಇನ್ನಷ್ಟು ತಿರುಗಿಸಿದರೆ ಒಮ್ಮೆಗೇ ತೂತು ಬಿತ್ತು. ಹೋಟೆಲೊಂದರ ಅಡುಗೆಮನೆಗೆ ಮಾಡಿಕೊಡಬೇಕಿದ್ದ ಟೇಬಲ್ಲಿನ ಶೀಟು ಹೀಗೆ ಹಾಳಾಗಿ, ಅದರ ಬೆಲೆಯನ್ನು ನಾನೇ ತುಂಬಬೇಕಾಯಿತು.

ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಕೇಬಲ್ಲಿನ ಸುತ್ತ ಹಿಡಿದು ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದಾಗ ಕಾರಣ ತಿಳಿಯಿತು. 70ರ ಗುರುತಿನಲ್ಲಿ ಹರಿಯುತ್ತಿದ್ದುದು 50ರ ಆಸುಪಾಸು. ಅಲ್ಲಿಂದ ಮುಂದೆ ನಾಬ್ ಕೂದಲೆಳೆಯಷ್ಟು ಸರಿದರೂ ಕರೆಂಟ್ ಜಿಗಿಯುತ್ತಿತ್ತು. ಆ ಮಷಿನ್‌ಗೆ ಡಿಸ್ಪ್ಲೇ ಇಲ್ಲ, ನಾಬ್ ಸುತ್ತ ಅಚ್ಚು ಹಾಕಿದ ಅಂಕಿಗಳಷ್ಟೇ ಇವೆ. (ಇಲ್ಲಿ ಹರಿಯುವುದು ಡಿಸಿ ಕರೆಂಟ್; ಮನೆಯ ವೈರಿಂಗಿಗೆ ಬಳಸುವ, ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಮೀಟರ್ ಇದಕ್ಕೆ ನಡೆಯದು.)

ಹೊಸಬರಿಗೆ ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಆರ್ಕ್ ಉದ್ದವಾದರೂ ಕಾವು ಹರಡಿ ಲೋಹ ಸರಿಯಾಗಿ ಕರಗುವುದಿಲ್ಲ, ಕರೆಂಟ್ ಕಡಿಮೆಯಾದರೂ ಕರಗುವುದಿಲ್ಲ. ತಪ್ಪು ಕೈಯದೋ ಮಷಿನ್‌ನದೋ ಎಂದು ತಿಳಿಯುವ ಅನುಭವ ಇಲ್ಲದವರು ಸರಿಯಿದ್ದ ಕೈಯನ್ನೇ ಬದಲಿಸಿಕೊಂಡು, ಆ ಕೆಟ್ಟ ಅಭ್ಯಾಸವನ್ನು ಮುಂದೆ ಒಳ್ಳೆಯ ಮಷಿನ್‌ಗೂ ಒಯ್ಯುತ್ತಾರೆ.

‘200 ಆಂಪಿಯರ್’ ಎಂಬ ಮಾತನ್ನೂ ಹಾಗೆಯೇ ಒಪ್ಪಬಾರದು. ಮಷಿನ್‌ನ ರೇಟಿಂಗ್ ಪ್ಲೇಟಿನಲ್ಲಿ ಡ್ಯೂಟಿ ಸೈಕಲ್ ಬರೆದಿರಬೇಕು: 160 ಆಂಪಿಯರಿಗೆ 60% ಎಂದಿದ್ದರೆ, ಆ ಕರೆಂಟಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಮಾತ್ರ ಆರ್ಕ್ ಉರಿಸಬಹುದು ಎಂದರ್ಥ. ಈ ಲೆಕ್ಕವನ್ನು ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ಸುತ್ತಣ ಉಷ್ಣತೆಗೆ ಕೊಟ್ಟಿರುತ್ತಾರೆ; ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಕೆಲಸ ಮಾಡುವವರು ಅಷ್ಟನ್ನೂ ನಿರೀಕ್ಷಿಸುವಂತಿಲ್ಲ. ನನ್ನ ಮಷಿನ್ ಮೇಲೆ ಅಂಥ ಪ್ಲೇಟೇ ಇರಲಿಲ್ಲ. ಆರ್ಕ್ ಆರಿಸುವಾಗ ಕರೆಂಟನ್ನು ನಿಧಾನವಾಗಿ ಇಳಿಸುವ ಡೌನ್ ಸ್ಲೋಪ್ ಕೂಡ ಇಲ್ಲದ್ದರಿಂದ, ಪ್ರತಿ ಬೆಸುಗೆಯ ಕೊನೆಯಲ್ಲೂ ಕುಳಿ ಉಳಿಯುತ್ತಿತ್ತು. ವಾಪಸು ಒಯ್ದರೆ, ‘ಮಷಿನ್ ಚಾಲೂ ಅದಲ್ರಿ, ಮತ್ತೇನಾಗ್ಬೇಕು’ ಎಂದು ಅಂಗಡಿಯವರು ಕೈ ತೊಳೆದುಕೊಂಡರು.

ಆದ್ದರಿಂದ ನೀವು ದಿನವೂ ಬಳಸುವ ದಪ್ಪದ ಶೀಟಿನ ತುಂಡುಗಳನ್ನು ಅಂಗಡಿಗೆ ಒಯ್ದು, ಅಲ್ಲಿಯೇ ಆರ್ಕ್ ಹಚ್ಚಿ ನೋಡಿ. ಕಡಿಮೆ, ನಡು, ಹೆಚ್ಚು ಮೂರೂ ಕಡೆ ನಾಬ್ ಇಟ್ಟು ಮೀಟರಿನಲ್ಲಿ ಅಳೆಯಿರಿ. ನಿಮ್ಮ ಶೆಡ್ಡಿನಲ್ಲಿ ಉದ್ದನೆಯ ತೆಳು ವೈರಿನಿಂದ ಲೈನ್ ಎಳೆದಿದ್ದರೆ ವೋಲ್ಟೇಜ್ ಇಳಿದು ಅಲ್ಲಿ ಫಲಿತಾಂಶ ಬೇರೆಯಾಗಬಹುದು. ಹಾಗಾಗಿ ಶೆಡ್ಡಿನಲ್ಲಿ ಪರೀಕ್ಷಿಸಿ ಸರಿಬರದಿದ್ದರೆ ವಾಪಸು ಪಡೆಯುತ್ತೇವೆ ಎಂಬುದನ್ನು ಹಣ ಕೊಡುವ ಮೊದಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.